ಸಿವಿಲ್ ಲೈನ್ಸ್‌ನಿಂದ ಪಟೇಲ್ ಚೌಕಕ್ಕೆ

ಸಿವಿಲ್ ಲೈನ್ಸ್ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದಾಗ ರಾಯರು ಆಗಲೇ ಬಂದು ನಿಂತಿದ್ದರು. ಕಿವಿ ಮುಚ್ಚುವ ಹಾಗೆ ಮಫ್ಲರ್, ಕೈಯಲ್ಲಿ ಊರುಗೋಲು. ಡಿಸೆಂಬರಿನ ದೆಹಲಿ, ಗಂಟೆ ಒಂಬತ್ತಾದರೂ ಬಿಸಿಲಿಗೆ ಕಾವು ಬಂದಿರಲಿಲ್ಲ. ಗಡಿಯಾರ ನೋಡಿಕೊಂಡು, "ಎರಡು ನಿಮಿಷ ತಡ ಕಣಮ್ಮಾ" ಎಂದರು. ಅದರಲ್ಲಿ ಬೇಸರವಿರಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ದೆಹಲಿಯಲ್ಲಿ ಕೂತು ಕನ್ನಡ ವಾರ್ತೆ ಬರೆದವರು, ಓದಿದವರು. ಎರಡು ನಿಮಿಷ ಎಂದರೆ ಅವರ ಲೆಕ್ಕದಲ್ಲಿ ಇಪ್ಪತ್ತು ಸಾಲು.

ನಾವು ಹೊರಟಿದ್ದು ಒಂದು ಹಳೆಯ ವಿಳಾಸದ ಜಾಡು ಹಿಡಿದು: 18, ಅಲೀಪುರ ರಸ್ತೆ. ರಸ್ತೆಗೆ ಈಗ ಶ್ಯಾಮನಾಥ ಮಾರ್ಗ ಎಂಬ ಹೆಸರು. 1903ರಲ್ಲಿ ಶುರುವಾದ ಮೇಡನ್ಸ್ ಹೋಟೆಲ್ ತನ್ನ ಬಿಳಿ ಕಂಬಗಳೊಂದಿಗೆ ಇಂದಿಗೂ ಇಲ್ಲೇ ನಿಂತಿದೆ. ಇದೇ ರಸ್ತೆಯ 26ನೇ ನಂಬರಿನ ಮನೆಯಲ್ಲಿ 1956ರಲ್ಲಿ ಅಂಬೇಡ್ಕರ್ ತೀರಿಕೊಂಡರು. ಅಲ್ಲೀಗ ಅವರ ಸ್ಮಾರಕವಿದೆ. ಜನ ಅದನ್ನು ಕೇಳಿಕೊಂಡು ಬರುತ್ತಾರೆ. 18ನೇ ನಂಬರನ್ನು ಕೇಳಿಕೊಂಡು ಬರುವವರು ಕಡಿಮೆ. ಆದರೆ 1936ರ ಜನವರಿ 1ರಂದು ದೆಹಲಿಯ ರೇಡಿಯೊ ಮಾತಾಡಲು ಶುರು ಮಾಡಿದ್ದು ಆ ಬಂಗಲೆಯಿಂದ. ಮುಂದೆ ಏಳು ವರ್ಷ, ಪಾರ್ಲಿಮೆಂಟ್ ಸ್ಟ್ರೀಟಿನ ದೊಡ್ಡ ಕಟ್ಟಡ ಸಿದ್ಧವಾಗುವವರೆಗೆ, ಬ್ರಿಟಿಷ್ ಇಂಡಿಯಾದ ದನಿ ಹೊರಡುತ್ತಿದ್ದುದು ಸಂಸಾರಕ್ಕೆಂದು ಕಟ್ಟಿದ ಒಂದು ಮನೆಯ ಕೋಣೆಗಳಿಂದ.

ಮನೆ ಹಾಗೇ ಸಿಕ್ಕೀತೆಂಬ ಆಸೆ ಇಟ್ಟುಕೊಂಡು ನಾನು ಬಂದಿರಲಿಲ್ಲ. ಮರಗಳು, ಎತ್ತರದ ಕಾಂಪೌಂಡುಗಳು, ಅವುಗಳ ಹಿಂದೆ ಅಷ್ಟಷ್ಟು ಕಾಣುವ ಹಳೆಯ ವರಾಂಡಗಳು: ಈ ಬೀದಿಯಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದವರ ಹಾದಿಯಲ್ಲಿ ಒಂದು ಸಲ ನಡೆಯಬೇಕಿತ್ತು, ಅಷ್ಟೇ. ರೇಡಿಯೊದ ಚರಿತ್ರೆ ಬರೆದವರು ಟ್ರಾನ್ಸ್‌ಮಿಟರಿನ ಕಿಲೋವಾಟ್ ಬರೆದಿದ್ದಾರೆ, ವೈಸರಾಯ್‌ಗಳ ಹೆಸರು ಬರೆದಿದ್ದಾರೆ. ತಿಂಗಳ ಸಂಬಳಕ್ಕೆ, ಇಲ್ಲವೇ ಒಂದೊಂದು ಹಾಡಿನ ಸಂಭಾವನೆಗೆ ದುಡಿದವರ ಲೆಕ್ಕ ಅಡಿಟಿಪ್ಪಣಿಯಾಗಿ ಉಳಿದುಬಿಟ್ಟಿತು. ರೇಡಿಯೊ ಎಂದರೆ ಅವರೇ ಎಂದು ನಂಬಿದವಳು ನಾನು.

ಮೇಡನ್ಸ್ ಎದುರಿನ ಫುಟ್‌ಪಾತಿನಲ್ಲಿ ನಿಂತು ಚೀಲದಿಂದ ಅಪ್ಪನ ರೇಡಿಯೊ ಲೈಸೆನ್ಸ್ ಪುಸ್ತಕ ತೆಗೆದು ರಾಯರ ಕೈಗಿಟ್ಟೆ. ಅಂಗೈಯಗಲದ್ದು. ಅಂಚೆ ಕಚೇರಿಯವರು ವರ್ಷಕ್ಕೊಂದು ಸ್ಟಾಂಪು ಅಂಟಿಸಿ ಮೊಹರು ಒತ್ತಿಕೊಟ್ಟಿದ್ದು. ಮೊಹರಿನ ಶಾಯಿ ಹಿಂದಿನ ಪುಟಕ್ಕೂ ಇಳಿದಿದೆ. ಒಂದು ಕಡೆ ಸ್ಟಾಂಪಿನ ಮೂಲೆ ಎದ್ದು, ಅಪ್ಪ ಅನ್ನದ ಅಗುಳಿನಿಂದ ಮತ್ತೆ ಅಂಟಿಸಿದ ಕಲೆ ಹಾಗೇ ಇದೆ. ರಾಯರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ನಮ್ಮ ಸಂಬಳ ಹುಟ್ಟಿದ್ದು ಇದರಲ್ಲೇ ನೋಡಮ್ಮ" ಎಂದರು.

ಮಾತು ನಿಜ. ಲೈಸೆನ್ಸಿನ ಕಥೆಯೇ ಈ ಸಂಸ್ಥೆಯ ಮೊದಲ ಕಥೆ. 1927ರ ಜುಲೈ 23ರಂದು ಮುಂಬಯಿಯಲ್ಲಿ ವೈಸರಾಯ್ ಇರ್ವಿನ್ ಉದ್ಘಾಟಿಸಿದ್ದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಖಾಸಗಿ ಕಂಪನಿಯನ್ನು. ಅದರ ಮುಂದಿನ ತಿಂಗಳು 26ಕ್ಕೆ ಕಲ್ಕತ್ತಾ ಕೇಂದ್ರ. ಎರಡಕ್ಕೂ ಒಂದೂವರೆ ಕಿಲೋವಾಟಿನ ಟ್ರಾನ್ಸ್‌ಮಿಟರು. ದನಿ ಚೆನ್ನಾಗಿ ಕೇಳುತ್ತಿದ್ದುದು ಸುಮಾರು ಮೂವತ್ತು ಮೈಲಿ. ವರ್ಷಕ್ಕೆ ಹತ್ತು ರೂಪಾಯಿ ಲೈಸೆನ್ಸ್ ಶುಲ್ಕ, ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕಂಪನಿಗೆ. ಲೈಸೆನ್ಸ್ ಕೊಂಡವರು 1929ರ ಕೊನೆಗೂ ಎಂಟು ಸಾವಿರ ಮುಟ್ಟಲಿಲ್ಲ. ಮೂರೇ ವರ್ಷದಲ್ಲಿ, 1930ರ ಮಾರ್ಚ್ 1ಕ್ಕೆ, ಕಂಪನಿ ದಿವಾಳಿಯೆದ್ದಿತು. ಏಪ್ರಿಲ್ 1ಕ್ಕೆ ಸರ್ಕಾರ ಕೈಗೆತ್ತಿಕೊಂಡಿತು. ಮರುವರ್ಷ ಅಕ್ಟೋಬರಿನಲ್ಲಿ ಸರ್ಕಾರವೂ ಖರ್ಚು ತಾಳದೆ ಮುಚ್ಚುತ್ತೇನೆ ಎಂದಿತು. ಕೇಳುಗರು, ಸೆಟ್ಟು ಮಾರುವ ವ್ಯಾಪಾರಿಗಳು ಗಲಾಟೆ ಎಬ್ಬಿಸಿದ ಮೇಲೆ ಮುಂದುವರಿಸಿತು. ಅಷ್ಟು ಹೊತ್ತು ಮುಂಬಯಿ, ಕಲ್ಕತ್ತಾದಲ್ಲಿ ದಿನವೂ ಮೈಕಿನ ಮುಂದೆ ಕೂತು ಹಾಡಿದವರು, ಪ್ರಕಟಣೆ ಓದಿದವರು ನಾಳೆ ಕೆಲಸವಿದೆಯೋ ಇಲ್ಲವೋ ಎಂದು ತಿಳಿಯದೆ ಹಾಡಿದರು, ಓದಿದರು.

ಲಂಡನ್ನಿನ ಬಿಬಿಸಿಯಿಂದ ಲಯೊನೆಲ್ ಫೀಲ್ಡನ್ ಬಂದದ್ದು 1935ರ ಆಗಸ್ಟಿನಲ್ಲಿ, ಐದು ವರ್ಷದ ಮಟ್ಟಿಗೆ, ಬ್ರಾಡ್‌ಕಾಸ್ಟಿಂಗ್ ಕಂಟ್ರೋಲರ್ ಆಗಿ. ಸಂಸ್ಥೆಯ ಅಧಿಕೃತ ಹೆಸರು ಆಗ ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್. ಆ ಹೆಸರು ಅವನಿಗೆ ಹಿಡಿಸಿರಲಿಲ್ಲ; ಬೇರೆ ಹೆಸರು ಆಗಲೇ ಮನಸ್ಸಿನಲ್ಲಿತ್ತು, ಸೆಕ್ರೆಟೇರಿಯೆಟ್ ಒಪ್ಪುತ್ತಿರಲಿಲ್ಲ. ಒಂದು ಔತಣದಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಪಕ್ಕಕ್ಕೆ ಸಿಕ್ಕಾಗ, ಚಿಕ್ಕದೊಂದು ಹೆಸರು ಬೇಕಿತ್ತು, ತನಗೇನೂ ಹೊಳೆಯುತ್ತಿಲ್ಲ ಎಂದು ಮಾತು ತೆಗೆದ. ಮಾತು ನಡೆಸಿಕೊಂಡು ಹೋಗಿ ಕೊನೆಗೆ ವೈಸರಾಯ್ ಬಾಯಿಂದಲೇ ಆ ಪದಗಳು ಬರುವ ಹಾಗೆ ಮಾಡಿ, ಎಂಥ ಅದ್ಭುತ ಹೆಸರು ಎಂದು ಹೊಗಳಿದ. 1936ರ ಜೂನ್ 8ರಿಂದ ಅದು ಆಲ್ ಇಂಡಿಯಾ ರೇಡಿಯೊ. ಈ ಪ್ರಸಂಗವನ್ನು ಫೀಲ್ಡನ್ನನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಹೆಸರು ಸಿಕ್ಕಿತು, ಕೆಲಸದವರು? ಸಮಸ್ಯೆ ಇದ್ದದ್ದು ಅಲ್ಲಿ. ಗುಮಾಸ್ತರನ್ನು ತೆಗೆದುಕೊಳ್ಳಲು ಸರ್ಕಾರಕ್ಕೆ ಪದ್ಧತಿ ಇತ್ತು. ಮೈಕಿನ ಮುಂದೆ ಮಾತಾಡಬಲ್ಲವರನ್ನು, ಹದಿನೈದು ನಿಮಿಷದ ನಾಟಕ ಬರೆಯಬಲ್ಲವರನ್ನು, ಉಸ್ತಾದರ ಮರ್ಜಿ ಹಿಡಿದು ಕರೆತರಬಲ್ಲವರನ್ನು ಆರಿಸಲು ಯಾವ ಪರೀಕ್ಷೆ? ಲಾಹೋರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ, ಪತ್ರಸ್ ಎಂಬ ಹೆಸರಿನಲ್ಲಿ ಉರ್ದು ಹಾಸ್ಯ ಬರೆಯುತ್ತಿದ್ದ ಎ. ಎಸ್. ಬುಖಾರಿ ಬಂದರು. ಅವರ ತಮ್ಮ ಜೆಡ್. ಎ. ಬುಖಾರಿ ಬಂದರು. ಬಿಬಿಸಿ ಎಂದರೆ ಬುಖಾರಿ ಬ್ರದರ್ಸ್ ಕಾರ್ಪೊರೇಷನ್ ಎಂದು ದೆಹಲಿ ಆಡಿಕೊಂಡಿತು. ಯಾವ ಮತದವರು ಎಷ್ಟು ಮಂದಿ, ಯಾವ ಪ್ರಾಂತ್ಯದವರು ಎಷ್ಟು ಮಂದಿ ಎಂದು ಶಾಸನಸಭೆಯಲ್ಲಿ ಪ್ರಶ್ನೆಗಳೆದ್ದವು. ಫೀಲ್ಡನ್ 1940ರಲ್ಲಿ ಹೊರಟ ಮೇಲೆ ಅವನ ಕುರ್ಚಿಯಲ್ಲಿ ಕೂತದ್ದು ಹಿರಿಯ ಬುಖಾರಿಯೇ. ಅಲ್ಲಿ ಕೂತ ಮೊದಲ ಭಾರತೀಯ ಅವರು.

"ನಿಜವಾದ ಕೆಲಸ ಪ್ರೋಗ್ರಾಂ ಅಸಿಸ್ಟೆಂಟ್‌ದು" ಎಂದರು ರಾಯರು, ಮತ್ತೆ ನಡೆಯಲು ಶುರು ಮಾಡುತ್ತ. "ಯಾರನ್ನ ಕರೀಬೇಕು, ಎಷ್ಟು ಹೊತ್ತು ಕೊಡಬೇಕು, ಕಾಗದ ಬರೆದು ಒಪ್ಪಿಸಬೇಕು, ಬಾರದಿದ್ದರೆ ಇನ್ನೊಬ್ಬರನ್ನ ಕೂರಿಸಬೇಕು. ಆಗ ಟೇಪ್ ಎಲ್ಲಿತ್ತು? ಎಲ್ಲಾ ಲೈವು."

ಟೇಪಿಲ್ಲದ ರೇಡಿಯೊವನ್ನು ಇಂದಿನವರಿಗೆ ಬಿಡಿಸಿ ಹೇಳಬೇಕು. ಬೆಳಗಿನ ಪ್ರಸಾರ, ಮಧ್ಯಾಹ್ನದ ಪ್ರಸಾರ, ಸಂಜೆಯ ಪ್ರಸಾರ: ಗ್ರಾಮಫೋನ್ ತಟ್ಟೆಗಳನ್ನು ಬಿಟ್ಟರೆ ಕೇಳುವುದೆಲ್ಲ ಆ ಕ್ಷಣ ಯಾರೋ ಆ ಬಂಗಲೆಯ ಕೋಣೆಯಲ್ಲಿ ಕೂತು ಆಡುತ್ತಿರುವುದು, ಹಾಡುತ್ತಿರುವುದು. ರಾತ್ರಿ ಇನ್ನೊಮ್ಮೆ ಬೇಕಾದರೆ ಗಾಯಕರು ರಾತ್ರಿ ಇನ್ನೊಮ್ಮೆ ಬರಬೇಕು. ಬೀದಿಯ ಸದ್ದು ಒಳಗೆ ಬರದಿರಲು ಕಿಟಕಿ ಮುಚ್ಚಿ, ಗೋಡೆಗೆ ದಪ್ಪ ಪರದೆ ಇಳಿಬಿಟ್ಟ ಕೋಣೆ. ಫ್ಯಾನ್ ತಿರುಗಿದರೆ ಅದರ ಸದ್ದು ಮೈಕಿಗೆ ಬೀಳುತ್ತದೆ. ಮೇ ತಿಂಗಳ ದೆಹಲಿಯಲ್ಲಿ ಅಂಥ ಕೋಣೆಯಲ್ಲಿ ಅರ್ಧ ಗಂಟೆ ಖಯಾಲ್ ಹಾಡುವುದೆಂದರೆ ಏನೆಂದು ಊಹಿಸಿಕೊಳ್ಳಿ.

ಅದರ ಮೇಲೆ ಪತ್ರಿಕೆಯ ಗಡುವು. 1927ರ ಜುಲೈನಲ್ಲಿ ಇಂಡಿಯನ್ ರೇಡಿಯೊ ಟೈಮ್ಸ್ ಎಂದು ಶುರುವಾಗಿ, 1935ರ ಡಿಸೆಂಬರ್ 22ರಿಂದ ಇಂಡಿಯನ್ ಲಿಸನರ್ ಎಂದು ಹೆಸರು ಬದಲಿಸಿಕೊಂಡ ಪಾಕ್ಷಿಕವದು. ಯಾವ ನಿಲಯದಲ್ಲಿ ಯಾವ ದಿನ ಎಷ್ಟು ಗಂಟೆಗೆ ಯಾರು, ಯಾವ ರಾಗ ಎನ್ನುವುದೆಲ್ಲ ಅಚ್ಚಾಗಬೇಕು. ಬಂಗಾಳಿಯಲ್ಲಿ ಬೇತಾರ್ ಜಗತ್, ಉರ್ದುವಿನಲ್ಲಿ ಆವಾಜ್, ತಮಿಳಿನಲ್ಲಿ ವಾನೊಲಿ ಇದೇ ಕೆಲಸ ಮಾಡುತ್ತಿದ್ದವು. ಅಚ್ಚುಮನೆಗೆ ಪ್ರತಿ ಹೋಗಬೇಕಾದರೆ ವಾರಗಟ್ಟಲೆ ಮೊದಲೇ ಎಲ್ಲ ನಿಶ್ಚಯವಾಗಬೇಕು. ಅಂದರೆ ಬರುವ ತಿಂಗಳು ಹದಿನಾಲ್ಕನೇ ತಾರೀಕು ರಾತ್ರಿ ಎಂಟೂವರೆಗೆ ತಾನು ಯಾವ ರಾಗ ಹಾಡಬೇಕೆಂದು ಉಸ್ತಾದರು ಇಂದೇ ಹೇಳಬೇಕು. ಸಮಯ ನೋಡಿ, ಮನಸ್ಸು ನೋಡಿ, ಎದುರು ಕೂತವರ ಮುಖ ನೋಡಿ ರಾಗ ಎತ್ತಿಕೊಳ್ಳುತ್ತಿದ್ದವರು ಅವರು. ಹಿಂದೂಸ್ತಾನಿ ಸಂಗೀತಕ್ಕೆ ಗಡಿಯಾರ ಕಟ್ಟಿದ್ದು ಈ ಪುಟಗಳು ಎಂದು ನನಗನಿಸುತ್ತದೆ. ಅದರಿಂದ ಲಾಭವಾಯಿತು, ನಷ್ಟವೂ ಆಯಿತು.

ಆ ಪಟ್ಟಿಗಳಲ್ಲಿ ಖಾನ್ ಸಾಹೇಬರ ಪಕ್ಕದಲ್ಲೇ ಬಾಯಿ, ಜಾನ್ ಎಂದು ಮುಗಿಯುವ ಹೆಂಗಸರ ಹೆಸರುಗಳು ಸಾಲುಸಾಲಾಗಿವೆ. ರೇಡಿಯೊ ಬೆಳೆದದ್ದು ಅವರ ಕಂಠದ ಮೇಲೆ. ಮುಂಬಯಿ ನಿಲಯದಿಂದ ಹಾಡಿದ ನಮ್ಮ ಗಂಗೂಬಾಯಿ ಹಾನಗಲ್ಲರ ಹೆಸರನ್ನು ನಾಡು ನೆನಪಿಟ್ಟುಕೊಂಡಿತು. ಎಷ್ಟೋ ಹೆಸರುಗಳನ್ನು ಮರೆತಿತು. 1946ರಲ್ಲಿ ಮಧ್ಯಂತರ ಸರ್ಕಾರದಲ್ಲಿ ಈ ಖಾತೆ ಹೊತ್ತ ಸರ್ದಾರ್ ಪಟೇಲರು, ಖಾಸಗಿ ಬದುಕು ಲೋಕಾಪವಾದಕ್ಕೆ ಗುರಿಯಾದ ಹೆಂಗಸರಿಗೆ ನಿಲಯದಲ್ಲಿ ಅವಕಾಶ ಕೊಡಬಾರದೆಂದು ಆದೇಶಿಸಿದರು. ಹತ್ತು ವರ್ಷ ಆ ದನಿಗಳಿಂದಲೇ ಮನೆಮನೆ ತಲುಪಿದ ಸಂಸ್ಥೆ ಅವರಿಗೇ ಬಾಗಿಲು ಹಾಕಿತು. ಪಟೇಲರ ಬಗ್ಗೆ ನನಗಿರುವ ಗೌರವ ದೊಡ್ಡದು. ಈ ಆದೇಶ ಮಾತ್ರ ನ್ಯಾಯವಲ್ಲ.

ಹಾರ್ಮೋನಿಯಂಗೆ ಬಾಗಿಲು ಹಾಕಿದ್ದು ಅದಕ್ಕೂ ಮುಂಚೆ, 1940ರ ಮಾರ್ಚ್ 1ರಂದು. ಶ್ರುತಿಗಳ ನಡುವಿನ ಜಾರು, ಮೀಂಡು ಅದರ ಮನೆಗಳಲ್ಲಿ ಹಿಡಿಸುವುದಿಲ್ಲ ಎಂಬುದು ವಾದ. ಟಾಗೋರರೂ ಅದೇ ವರ್ಷ ಜನವರಿಯಲ್ಲಿ ಕಲ್ಕತ್ತಾ ನಿಲಯಕ್ಕೆ ಆ ಅರ್ಥದ ಕಾಗದ ಬರೆದಿದ್ದರು. ವಿಚಿತ್ರವೆಂದರೆ ಈ ವಾದವನ್ನು ಜೋರಾಗಿ ಮಂಡಿಸಿದವರಲ್ಲಿ ಒಬ್ಬ ಇಂಗ್ಲಿಷ್ ಸಂಗೀತಗಾರನೂ ಇದ್ದ. ಜಾನ್ ಫೌಲ್ಡ್ಸ್, ದೆಹಲಿ ನಿಲಯದ ಪಾಶ್ಚಾತ್ಯ ಸಂಗೀತ ವಿಭಾಗದ ಮುಖ್ಯಸ್ಥ. ಸಿತಾರ್, ಸಾರಂಗಿ ನುಡಿಸುವವರನ್ನು ಸೇರಿಸಿ, ಸ್ವರಲಿಪಿ ಓದುವುದನ್ನು ಕಲಿಸಿ, ಒಂದು ಮೇಳ ಕಟ್ಟುತ್ತಿದ್ದ. 1939ರಲ್ಲಿ ಅವನನ್ನು ಕಲ್ಕತ್ತಾಕ್ಕೆ ವರ್ಗ ಮಾಡಿದರು. ಹೋದ ಕೆಲವೇ ದಿನಗಳಲ್ಲಿ ಕಾಲರಾ ಬಂದು ತೀರಿಕೊಂಡ. ಹಾರ್ಮೋನಿಯಂ ಹೊರಗೆ ಹೋದದ್ದನ್ನು ನೋಡಲು ಅವನಿರಲಿಲ್ಲ. ಅದು ಒಳಗೆ ಬರಲು ಮತ್ತೆ ಮೂವತ್ತು ವರ್ಷ ಕಾಯಬೇಕಾಯಿತು.

ಈ ಬೀದಿಯಲ್ಲಿ ನಡೆಯುವಾಗ ನನ್ನ ಮನಸ್ಸು ಹೆಚ್ಚು ಹೊತ್ತು ನಿಂತದ್ದು ಒಂದು ಟೈಪ್‌ರೈಟರಿನ ಮೇಲೆ. ಸಾದತ್ ಹಸನ್ ಮಂಟೊ 1941ರಲ್ಲಿ ಇಲ್ಲಿ ಕೆಲಸಕ್ಕೆ ಸೇರಿದ. ಕೃಷನ್ ಚಂದರ್, ಉಪೇಂದ್ರನಾಥ ಅಶ್ಕ್, ಕವಿ ನ. ಮ. ರಾಶಿದ್ ಎಲ್ಲ ಆಗ ಇದೇ ನಿಲಯದಲ್ಲಿದ್ದರು. ಒಂದು ಭಾಷೆಯ ಒಂದು ಕಾಲದ ಸಾಹಿತ್ಯವೇ ಒಂದು ಬಂಗಲೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತಿತ್ತು ಎನ್ನಬಹುದು. ಮಂಟೊನ ಬಳಿ ಸ್ವಂತ ಉರ್ದು ಟೈಪ್‌ರೈಟರ್ ಇತ್ತು. ಕರಡು ಗಿರಡು ಇಲ್ಲ, ಕಾಗದ ಏರಿಸಿ ನಾಟಕವನ್ನು ನೇರವಾಗಿ ಅದರ ಮೇಲೇ ಕುಟ್ಟುತ್ತಿದ್ದ. ಒಂದೂವರೆ ವರ್ಷದೊಳಗೆ ನೂರಕ್ಕೂ ಹೆಚ್ಚು ರೇಡಿಯೊ ನಾಟಕ, ರೂಪಕ ಬರೆದ. ನಾಟಕವೆಂದರೆ ಆಗ ದಿನಗೂಲಿಯ ಲೆಕ್ಕ; ಇಂದು ಸಂಜೆಗೆ ಬೇಕು, ಬರಿ. ಅವುಗಳಲ್ಲಿ ಕೆಲವು ಸಂಕಲನಗಳಾಗಿ ಉಳಿದಿವೆ. ಇಲ್ಲಿರುವಾಗಲೇ ಅವನ ವರ್ಷ ತುಂಬಿದ ಮಗ ತೀರಿಕೊಂಡ. ಕೊನೆಗೆ ತಾನು ಬರೆದ ಒಂದು ನಾಟಕಕ್ಕೆ ಬೇರೆ ಕೈ ಬಿದ್ದು ತಿದ್ದುಪಡಿಯಾದದ್ದನ್ನು ಸಹಿಸಲಾರದೆ 1942ರಲ್ಲಿ ಕೆಲಸ ಬಿಟ್ಟು ಮುಂಬಯಿಗೆ ಹೋದ.

ತಿದ್ದುಪಡಿ ಎಂಬುದು ಅಲ್ಲಿ ಒಬ್ಬರ ಚಪಲವಾಗಿರಲಿಲ್ಲ, ವ್ಯವಸ್ಥೆಯಾಗಿತ್ತು. ಮೈಕಿನ ಮುಂದೆ ಕೂರುವವರು ಬರಹವನ್ನು ಮೊದಲೇ ಒಪ್ಪಿಸಬೇಕು. ಒಪ್ಪಿಗೆಯಾದ ಅಕ್ಷರದಾಚೆ ಹೋಗುವಂತಿಲ್ಲ. ಭಾಷೆಯ ಮೇಲೂ ಕಣ್ಣು. ವಾರ್ತೆಯ ಹಿಂದೂಸ್ತಾನಿಯಲ್ಲಿ ಫಾರ್ಸಿ ಹೆಚ್ಚಾಯಿತೆಂದು ಹಿಂದಿಯವರು, ಸಂಸ್ಕೃತ ನುಗ್ಗಿತೆಂದು ಉರ್ದುವಿನವರು. ಇಂಗ್ಲಿಷ್ ಪದಗಳಿಗೆ ಇಬ್ಬರೂ ಒಪ್ಪುವ ಪದ ಹುಡುಕಿ ಕೋಶ ಮಾಡಿ ಎಂದು 1940ರಲ್ಲಿ ಇಬ್ಬರನ್ನು ಕೂರಿಸಿದರು: ಉರ್ದುವಿನ ಚಿರಾಗ್ ಹಸನ್ ಹಸ್ರತ್, ಹಿಂದಿಯ ಅಜ್ಞೇಯ. ಜಗಳ ಮಾತ್ರ ತೀರಲಿಲ್ಲ.

ಊರೊಳಗೆ ಇಷ್ಟೆಲ್ಲ ನಡೆಯುವಾಗ ದೆಹಲಿ ಸುತ್ತಿನ ಹಳ್ಳಿಗಳಲ್ಲಿ ಪಂಚಾಯ್ತಿ ಕಟ್ಟೆಗೆ ಸರ್ಕಾರದ ಸೆಟ್ಟು ಬಂತು. ಸೆಟ್ಟು ಪೆಟ್ಟಿಗೆಯೊಳಗೆ ಬೀಗ ಹಾಕಿ ಭದ್ರ. ಗುಂಡಿ ತಿರುಗಿಸುವ ಹಾಗಿಲ್ಲ. ಒಂದೇ ನಿಲಯಕ್ಕೆ ಕಟ್ಟಿಹಾಕಿದ್ದು. ಒಳಗಿನ ಗಡಿಯಾರವೇ ಹೊತ್ತಿಗೆ ಸರಿಯಾಗಿ ಹಚ್ಚಿ, ಹೊತ್ತಿಗೆ ಸರಿಯಾಗಿ ಆರಿಸುತ್ತದೆ. ಕರೆಂಟಿಲ್ಲದ ಊರು, ಬ್ಯಾಟರಿ ಇಳಿದಂತೆ ಗಾಡಿಯಲ್ಲಿ ಬಂದು ಬದಲಿಸಿ ಹೋಗುವ ಆಳು ಬೇಕು. ಗಾಡಿ ಬಾರದಿದ್ದರೆ ಊರು ಮೂಕ. ಬೇಸಾಯದ ಮಾತು, ಪೇಟೆ ಧಾರಣೆ, ಹವಾಮಾನ, ಹಾಡು. ಎಲ್ಲ ಹಳ್ಳಿಯ ಆಡುಮಾತಿನಲ್ಲಿ. ಬಂಗಲೆಯ ಪರದೆ ಕೋಣೆಯಲ್ಲಿ ಕೂತು ಹಳ್ಳಿಗರಂತೆ ಮಾತಾಡುತ್ತಿದ್ದವರಷ್ಟೇ ಮುಖ್ಯ ಆ ಬ್ಯಾಟರಿ ಹೊತ್ತವರು. ಅವರ ಹೆಸರು ಯಾವ ಪತ್ರಿಕೆಯ ಪಟ್ಟಿಯಲ್ಲೂ ಅಚ್ಚಾಗಲಿಲ್ಲ.

ರಾಯರಿಗೆ ಕಾಲು ನೋಯತೊಡಗಿತ್ತು. ಹಿಂತಿರುಗಿ ಮೆಟ್ರೊ ಹತ್ತಿದೆವು. ಹಳದಿ ಲೈನಿನಲ್ಲಿ ಪಟೇಲ್ ಚೌಕ ಆರನೇ ನಿಲ್ದಾಣ. ಮೊದಲನೆಯದು ಕಾಶ್ಮೀರಿ ಗೇಟ್. ಮಂಟೊ ಬಾಡಿಗೆಗಿದ್ದ ನಿಕಲ್ಸನ್ ರಸ್ತೆ ಇಲ್ಲೇ ತಲೆಯ ಮೇಲಿದೆ. ಚಾಂದನಿ ಚೌಕ, ಚಾವಡಿ ಬಜಾರ್ ದಾಟುವಾಗ ರಾಯರು ಯುದ್ಧದ ಕಾಲಕ್ಕೆ ಬಂದರು. ಅವರೇ ಕಂಡದ್ದಲ್ಲ, ತಾವು ಸೇರಿದಾಗ ಅಲ್ಲಿ ಇನ್ನೂ ಇದ್ದ ಹಿರಿಯರ ಬಾಯಿಂದ ಕೇಳಿದ್ದು.

1936ರ ಜನವರಿ 19ರಂದು ದೆಹಲಿಯಿಂದ ಮೊದಲ ವಾರ್ತೆ ಹೋದಾಗ ವಾರ್ತಾ ವಿಭಾಗವೆಂದರೆ ಹೇಳಿಕೊಳ್ಳುವಂಥದ್ದೇನಲ್ಲ. ಯುದ್ಧ ಅದನ್ನು ಕಾರ್ಖಾನೆ ಮಾಡಿತು. 1939ರ ಅಕ್ಟೋಬರ್ 1ರಂದು ಪುಷ್ತು ಭಾಷೆಯಲ್ಲಿ ಹೊರದೇಶದ ಪ್ರಸಾರ ಶುರುವಾಯಿತು, ಜರ್ಮನಿಯ ಪ್ರಚಾರಕ್ಕೆ ಎದುರಾಗಿ. ಬೇರೆಬೇರೆ ಪ್ರಾಂತ್ಯಗಳ ಭಾಷೆಯ ವಾರ್ತೆಗಳೂ ದೆಹಲಿಯಲ್ಲೇ ತಯಾರಾಗಿ ಶಾರ್ಟ್‌ವೇವ್ ಮೇಲೆ ಹೋಗತೊಡಗಿದವು. ಊರೂರಿನ ನಿಲಯಗಳು ಹಿಡಿದು ಮತ್ತೆ ಬಿತ್ತರಿಸುತ್ತಿದ್ದವು. ಇಷ್ಟು ದೊಡ್ಡ ದೇಶಕ್ಕೆ ಶಾರ್ಟ್‌ವೇವೇ ದಾರಿ ಎಂದು ಪಟ್ಟು ಹಿಡಿದಿದ್ದವನು ಬಿಬಿಸಿಯಿಂದ ಬಂದ ಚೀಫ್ ಎಂಜಿನಿಯರ್ ಗಾಯ್ಡರ್. ಆ ಹಟ ಈಗ ಕೆಲಸಕ್ಕೆ ಬಂತು. ಶತ್ರುದೇಶಗಳ ರೇಡಿಯೊ ಕೇಳಿ ಬರೆದುಕೊಳ್ಳಲು ಸಿಮ್ಲಾದಲ್ಲಿ ಬೇರೆ ತಂಡ. ಯುದ್ಧದ ವಿಶ್ಲೇಷಣೆ ಬರೆಯಲು 1942ರಲ್ಲಿ ಕಲ್ಕತ್ತಾದಿಂದ ನೀರದ್ ಚೌಧುರಿ ಬಂದರು. ಹಗಲು ರೇಡಿಯೊಕ್ಕೆ ಬರೆದು, 1947ರಲ್ಲಿ ತಮ್ಮ ಆತ್ಮಕಥೆಯನ್ನು ಶುರು ಮಾಡಿದ್ದೂ ಈ ಕೆಲಸದಲ್ಲಿರುವಾಗಲೇ.

"ಇಂಗ್ಲಿಷಿನ ಪೂಲ್ ಕಾಪಿ ಬರುತ್ತೆ, ನಾವು ನಮ್ಮ ನಮ್ಮ ಭಾಷೆಗೆ ಇಳಿಸ್ತೀವಿ. ಆ ಪದ್ಧತಿ ಅವತ್ತು ಹುಟ್ಟಿದ್ದು" ಎಂದರು ರಾಯರು. "ನಾನು ಸೇರಿದಾಗ ಒಂದು ಹಾಲ್‌ನಲ್ಲಿ ತಮಿಳರು, ಬಂಗಾಳಿಗಳು, ಒರಿಯಾದವರು, ನಾವು. ಹೆಡ್‌ಲೈನ್ ಬದಲಾಯ್ತು 'ಫ್ಲಾಶ್' ಅಂತ ಕೂಗಿದ್ರೆ ಹದಿಮೂರು ಹದಿನಾಲ್ಕು ಭಾಷೇಲಿ ಪೆನ್ನು ಓಡೋದು."

ಆ ಪೆನ್ನುಗಳು ಯುದ್ಧಕಾಲದಲ್ಲಿ ಯಾರ ಪರ ಓಡಿದವೆಂಬುದನ್ನು ಮರೆಯುವ ಹಾಗಿಲ್ಲ. ಕ್ವಿಟ್ ಇಂಡಿಯಾ ಚಳವಳಿ ನಡೆದಾಗ ಆಲ್ ಇಂಡಿಯಾ ರೇಡಿಯೊದಲ್ಲಿ ಗಾಂಧಿಯ ದನಿಯಿಲ್ಲ, ನೆಹರೂ ದನಿಯಿಲ್ಲ. 1942ರ ಆಗಸ್ಟ್ 27ರಿಂದ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಮನೆಯಿಂದ ಮನೆಗೆ ಟ್ರಾನ್ಸ್‌ಮಿಟರ್ ಹೊತ್ತು ಕಾಂಗ್ರೆಸ್ ರೇಡಿಯೊ ನಡೆಸಿದರು. ಅವರ ಬಾಯಲ್ಲಿ ಸರ್ಕಾರದ್ದು ಆಂಟಿ ಇಂಡಿಯಾ ರೇಡಿಯೊ. ಬರ್ಲಿನ್‌ನಿಂದ ಸುಭಾಷ್ ಬೋಸ್ ಬೈದದ್ದೂ ಹಾಗೇ. ಒಳಗೆ ಕೂತು ಓದುತ್ತಿದ್ದವರಲ್ಲಿ ಎಷ್ಟೋ ಮಂದಿ ಖಾದಿ ಉಟ್ಟವರ ಮನೆಯವರು. ಸಂಬಳಕ್ಕೆ ಬೇರೆ ದಾರಿಯಿರಲಿಲ್ಲ. ಅವರನ್ನು ಹೀಗಳೆಯಲು ನನ್ನಿಂದಾಗದು. ನವೆಂಬರ್ 12ರಂದು ಪೊಲೀಸರು ದಾಳಿಯಿಟ್ಟು ಉಷಾ ಮೆಹ್ತಾರನ್ನು ಹಿಡಿದರು. ಈ ತಾರೀಕು ನೆನಪಿರಲಿ.

ಪಟೇಲ್ ಚೌಕದಲ್ಲಿ ಇಳಿದು ಮೇಲೆ ಬಂದರೆ ಪಾರ್ಲಿಮೆಂಟ್ ಸ್ಟ್ರೀಟ್, ಈಗಿನ ಸಂಸದ್ ಮಾರ್ಗ. ವೃತ್ತದಲ್ಲಿ ಸರ್ದಾರರ ಪ್ರತಿಮೆ. ಒಂದು ಬದಿಯಲ್ಲಿ ರಿಸರ್ವ್ ಬ್ಯಾಂಕು. ಅಲ್ಲಿಂದ ಸ್ವಲ್ಪ ನಡೆದರೆ ದುಂಡಗೆ ಬಳುಕಿ ನಿಂತ, ಹಡಗಿನ ಮುಂಭಾಗದಂತೆ ಕಾಣುವ ಬಿಳಿಯ ಕಟ್ಟಡ: ಬ್ರಾಡ್‌ಕಾಸ್ಟಿಂಗ್ ಹೌಸ್. ನಿಲಯ ಅಲೀಪುರ ರಸ್ತೆ ಬಿಟ್ಟು ಇಲ್ಲಿಗೆ ಬಂದದ್ದು 1943ರಲ್ಲಿ, ಯುದ್ಧದ ನಟ್ಟನಡುವೆ. ಗೇಟಿನಲ್ಲಿ ಪಾಸು ಮಾಡಿಸಿಕೊಂಡೆವು. ಕೌಂಟರಿನ ಹುಡುಗ ರಾಯರ ಹೆಸರು ಕೇಳಿ ಬರೆದುಕೊಂಡ, ಉದ್ದೇಶ ಎಂಬಲ್ಲಿ ಭೇಟಿ ಎಂದು ತುಂಬಿದ. ಅಷ್ಟು ವರ್ಷ ದಿನವೂ ಬಂದ ಮನೆಗೆ ಅವರೀಗ ನೆಂಟರು.

ಸ್ಟುಡಿಯೊ ಬಾಗಿಲು ನನಗೆ ಇಷ್ಟ. ಒಂದು ದಪ್ಪ ಬಾಗಿಲು ತಳ್ಳಿದರೆ ಇಬ್ಬರು ನಿಲ್ಲುವಷ್ಟು ಸಣ್ಣ ಕತ್ತಲೆ ಜಾಗ. ಆ ಬಾಗಿಲು ಪೂರ್ತಿ ಮುಚ್ಚಿದ ಮೇಲೆ ಇನ್ನೊಂದು ಬಾಗಿಲು. ನಡುವೆ ನಿಂತ ಆ ಎರಡು ಸೆಕೆಂಡಿನಲ್ಲಿ ಕಿವಿಯೊಳಗೆ ಹತ್ತಿ ಇಟ್ಟ ಹಾಗೆ. ಹೊರಗಿನ ದೆಹಲಿ ಇಲ್ಲವಾಗುತ್ತದೆ. ಒಳಗೆ ಹೋದರೆ ನಿಮ್ಮ ಉಸಿರು ನಿಮಗೇ ಕೇಳುತ್ತದೆ. ತೂತು ತೂತಿನ ಹಲಗೆ ಹೊದ್ದ ಗೋಡೆ, ಗಾಜಿನಾಚೆ ಕಂಟ್ರೋಲ್ ಬೂತ್, ಸೆಕೆಂಡಿನ ಮುಳ್ಳು ಎದ್ದು ಕಾಣುವ ಗಡಿಯಾರ. ರಾಯರು ಒಳಗೆ ಕಾಲಿಟ್ಟದ್ದೇ ಊರುಗೋಲನ್ನು ಸದ್ದಾಗದ ಹಾಗೆ ಎತ್ತಿ ಕಂಕುಳಲ್ಲಿ ಇರುಕಿಕೊಂಡರು. ಆಗ ಅಲ್ಲಿ ಯಾವ ಪ್ರಸಾರವೂ ಇರಲಿಲ್ಲ.

ಡ್ಯೂಟಿ ರೂಮಿನಲ್ಲಿ ಕ್ಯೂಶೀಟ್ ತೋರಿಸಿದರು. ಇಂದಿನದು ಕಂಪ್ಯೂಟರಿನಿಂದ ಬಂದದ್ದು, ಆದರೆ ಗೆರೆಗಳು ಹಳೆಯವೇ: ಗಂಟೆ, ನಿಮಿಷ, ಕಾರ್ಯಕ್ರಮ, ಎಲ್ಲಿಂದ, ಎಷ್ಟು ಹೊತ್ತು. ಡ್ಯೂಟಿ ಆಫೀಸರ್ ಹೇಳುವಂತೆ ಕೇಳಿದ್ದನ್ನೆಲ್ಲ ಬರೆದಿಡುವ ಪದ್ಧತಿಯೂ ಹಳೆಯದೇ. ಒಂಬತ್ತು ಸೆಕೆಂಡ್ ಮೌನವಾದರೂ ಅದು ಬರಹಕ್ಕೆ ಬರುತ್ತದೆ. ಬೆಳಗಿನ ಪ್ರಸಾರಕ್ಕೆ ಮುಂಚೆ ಬರುವ ಆ ಸಂಕೇತ ಧ್ವನಿ, ತಂಬೂರಿಯ ಮೇಲೆ ಪಿಟೀಲು, ಶಿವರಂಜನಿಯ ಛಾಯೆ, ಅದು ಮುಂಬಯಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ವಾಲ್ಟರ್ ಕೌಫ್‌ಮನ್ ಕಟ್ಟಿದ್ದೆಂದು ಹೇಳುತ್ತಾರೆ. ಹಿಟ್ಲರನ ಕಾಟಕ್ಕೆ ಯುರೋಪು ಬಿಟ್ಟು 1934ರಲ್ಲಿ ಮುಂಬಯಿ ಸೇರಿದ ಯಹೂದಿ ಸಂಗೀತಗಾರ. ನೆಲೆ ತಪ್ಪಿ ಬಂದವನೊಬ್ಬ ಕೊಟ್ಟುಹೋದ ಆ ದನಿಯಿಂದ ನಮ್ಮ ಅಮ್ಮಂದಿರು ಒಲೆ ಹಚ್ಚಿದರು.

1947ರ ಜೂನ್ 3ರ ಸಂಜೆ ದೆಹಲಿಯ ಮೈಕಿನ ಮುಂದೆ ಒಬ್ಬರ ನಂತರ ಒಬ್ಬರು ಕೂತವರು ಮೌಂಟ್‌ಬ್ಯಾಟನ್, ನೆಹರೂ, ಜಿನ್ನಾ, ಬಲದೇವ್ ಸಿಂಗ್. ದೇಶ ಎರಡಾಗುವುದೆಂದು ದೇಶ ಕೇಳಿದ್ದು ಹೀಗೆ. ಆಮೇಲೆ ನಿಲಯಗಳೂ ಪಾಲಾದವು. ಒಂಬತ್ತರಲ್ಲಿ ಆರು ಇಲ್ಲಿ: ದೆಹಲಿ, ಮುಂಬಯಿ, ಕಲ್ಕತ್ತಾ, ಮದ್ರಾಸ್, ಲಕ್ನೋ, ತಿರುಚಿ. ಮೂರು ಅಲ್ಲಿ: ಲಾಹೋರ್, ಪೇಶಾವರ್, ಢಾಕಾ. ಜನರೂ ಪಾಲಾದರು. ಬುಖಾರಿ ಸಹೋದರರು ಅತ್ತ ಹೋದರು. ಲಕ್ನೋ ನಿಲಯದಲ್ಲಿ ಪಳಗಿದ ಸಈದಾ ಬಾನೋ ಎಂಬ ಹೆಣ್ಣುಮಗಳು ಇತ್ತ ಬಂದು 1947ರ ಆಗಸ್ಟ್ 13ರಂದು ಇಲ್ಲಿ ಉರ್ದು ವಾರ್ತೆ ಓದಿದರು. ದೆಹಲಿಯಿಂದ ಉರ್ದು ವಾರ್ತೆ ಓದಿದ ಮೊದಲ ಮಹಿಳೆ. ಗಂಡನ ಮನೆ ಬಿಟ್ಟು, ಸಣ್ಣ ಮಗನೊಡನೆ, ಹೊತ್ತಿ ಉರಿಯುತ್ತಿದ್ದ ಊರಿಗೆ ಕೆಲಸಕ್ಕೆಂದು ಬಂದವರು. ಮುಸ್ಲಿಮರೆಂಬ ಕಾರಣಕ್ಕೆ ಬೆದರಿಕೆ ಕಾಗದಗಳು ಬಂದವು. ಓದುವುದನ್ನು ನಿಲ್ಲಿಸಲಿಲ್ಲ.

ಅದೇ ವರ್ಷ ನವೆಂಬರ್ 12, ದೀಪಾವಳಿಯ ದಿನ. ಉಷಾ ಮೆಹ್ತಾರನ್ನು ಹಿಡಿದು ಸರಿಯಾಗಿ ಐದು ವರ್ಷ. ಕುರುಕ್ಷೇತ್ರದ ಶಿಬಿರದಲ್ಲಿದ್ದ ಎರಡೂವರೆ ಲಕ್ಷ ನಿರಾಶ್ರಿತರ ಬಳಿಗೆ ಹೋಗಲಾಗದೆ ಗಾಂಧೀಜಿ ಈ ಕಟ್ಟಡಕ್ಕೆ ಬಂದರು. ಅವರು ರೇಡಿಯೊ ನಿಲಯದ ಹೊಸಿಲು ದಾಟಿದ್ದು ಅದೊಂದೇ ಸಲ. ಬಿರ್ಲಾ ಭವನದಲ್ಲಿ ಪ್ರಾರ್ಥನೆಗೆ ಕೂರುತ್ತಿದ್ದ ಮಣೆಮಂಚವನ್ನೇ ತಂದು ಸ್ಟುಡಿಯೊದಲ್ಲಿ ಹಾಕಿದ್ದರಂತೆ, ಹೊಸ ಜಾಗವೆನಿಸದಿರಲಿ ಎಂದು. ಮಂಚ ತರೋಣ ಎಂದು ಯೋಚಿಸಿದ ಆ ಸಿಬ್ಬಂದಿ ಯಾರೋ, ಅವರಿಗೆ ಕೈಮುಗಿಯಬೇಕೆನಿಸುತ್ತದೆ.

ಹೊರಗೆ ಬಂದು ಗೋಡೆಯ ಮೇಲಿನ ಹೆಸರನ್ನು ರಾಯರು ಊರುಗೋಲಿನಿಂದ ತೋರಿಸಿದರು. ಆಕಾಶವಾಣಿ. "ಇದು ನಮ್ಮ ಒಂಟಿಕೊಪ್ಪಲಿನದು ಕಣಮ್ಮಾ" ಎಂದಾಗ ಅವರ ದನಿ ಬೇರೆಯಾಗಿತ್ತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ವಿಠ್ಠಲ ವಿಹಾರದಿಂದ ಪ್ರಸಾರ ಶುರು ಮಾಡಿದರು. ಅಲೀಪುರ ರಸ್ತೆಯ ಬಂಗಲೆ ಬಾಯಿಬಿಡುವುದಕ್ಕೂ ನಾಲ್ಕು ತಿಂಗಳು ಮೊದಲು. ಮೂವತ್ತು ವಾಟಿನ ಪುಟ್ಟ ಟ್ರಾನ್ಸ್‌ಮಿಟರು, ಕೈಯಿಂದ ಹಾಕಿದ ಖರ್ಚು. ಸಾಹಿತಿಗಳು, ಸಂಗೀತಗಾರರು ಬಂದು ಹಾಡಿ ಓದಿ ಹೋಗುತ್ತಿದ್ದರು. ಆಕಾಶವಾಣಿ ಎಂಬ ಹೆಸರು ಹೊಳೆದದ್ದು ಆ ನಿಲಯದಲ್ಲಿ ದುಡಿದ ನಾ. ಕಸ್ತೂರಿಯವರಿಗೆ ಎನ್ನುವುದು ಮೈಸೂರಿನ ಹಿರಿಯರ ಮಾತು. 1942ರಲ್ಲಿ ಮೈಸೂರು ಸರ್ಕಾರ, 1950ರಲ್ಲಿ ಕೇಂದ್ರ ಅದನ್ನು ವಹಿಸಿಕೊಂಡವು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಹೆಸರು ದೆಹಲಿಗೆ ಬಂದು ಇಡೀ ದೇಶದ ರೇಡಿಯೊಕ್ಕೆ ಅಂಟಿತು. ರಾಯರು ಹುಡುಗನಾಗಿದ್ದಾಗ ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಧ್ವನಿವರ್ಧಕದಲ್ಲಿ ಆ ಹೆಸರು ಕೇಳಿದವರು.

"ನೀವು ಕಾಯಂ ಆಗಿದ್ದಿರಾ ರಾಯರೇ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಬ್ರಿಟಿಷರ ಕಾಲದಲ್ಲಿ ಹಾಡುವವರು, ನುಡಿಸುವವರು, ಓದುವವರಿಗೆ ಒಂದು ದಾರಿ ಮಾಡಿದ್ದರು: ಕರಾರಿನ ಮೇಲೆ ಸಂಭಾವನೆ. ಸ್ವಾತಂತ್ರ್ಯ ಬಂದ ಮೇಲೂ ಸ್ಟಾಫ್ ಆರ್ಟಿಸ್ಟ್ ಎಂಬ ಹೆಸರಿನಲ್ಲಿ ಅದೇ ಮುಂದುವರಿಯಿತು. ದಿನವೂ ಬಂದು ಸಹಿ ಹಾಕಿ ಹತ್ತಾರು ವರ್ಷ ದುಡಿದರೂ ಸರ್ಕಾರಿ ನೌಕರರಲ್ಲ. ಫೈಲು ಬರೆಯುವವರಿಗೆ ಪಿಂಚಣಿ, ಸಾರಂಗಿ ನುಡಿಸುವವರಿಗೆ ಕರಾರಿನ ನವೀಕರಣ. ಸರ್ಕಾರ ಅವರನ್ನು ನೌಕರರೆಂದು ಒಪ್ಪಿದ್ದು 1982ರಲ್ಲಿ. "ಎಂಬತ್ತೆರಡರ ಮೇಲೆ ಆದೆ" ಎಂದರು. "ನನ್ನ ಪಕ್ಕದ ಕುರ್ಚಿಯವರು ಎಂಬತ್ತರಲ್ಲೇ ಹೋಗಿಬಿಟ್ಟರು."

ಗೇಟಿನತ್ತ ಹೊರಟಾಗ ಕಾರಿಡಾರಿನ ಬೆಂಚಿನ ಮೇಲೆ ಒಬ್ಬ ಯುವಕ ತಬಲಾ ಜೋಡಿಯನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಎದುರಿನ ಬಾಗಿಲ ಮೇಲೆ ಕೆಂಪು ದೀಪ ಹತ್ತಿತ್ತು. ಅವನ ತೊಡೆಯ ಮೇಲೆ ಕರಾರಿನ ಕಾಗದ. ಕೆಳಗೆ ಆಧಾರಕ್ಕೆ ಬಾಯಾಂನ ದುಂಡನೆಯ ಹೊದಿಕೆ. ಪೆನ್ನು ಬರೆಯುತ್ತಿರಲಿಲ್ಲ. ಎರಡು ಸಲ ಕೊಡವಿ ನೋಡಿದ, ನಮ್ಮತ್ತ ತಲೆಯೆತ್ತಿದ. ರಾಯರು ಮಾತಾಡದೆ ಜೇಬಿನಿಂದ ತಮ್ಮ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅವನ ಕೈಗೆ ಕೊಟ್ಟರು. ಅವನು ಸಹಿ ಹಾಕಿ ಮುಗಿಸುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು.